ಆವರಿಕೆ ಇದ್ದ ಜಾಗ

ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ ಎಂದು ಹೆಂಡತಿ ಯಶವಂತಪುರದ ಗ್ರಂಧಿಗೆ ಅಂಗಡಿಯಿಂದ ಒಣಗಿದ ಆವರಿಕೆ ಹೂ ತಂದು ಕುದಿಯಲು ಇಟ್ಟಿದ್ದಾಳೆ. ನನ್ನ ನಾಲಿಗೆ ಚಪಲಕ್ಕೆ ಪಾಪ, ಹೂವಿಗೆ ಶಿಕ್ಷೆ. ಅಡುಗೆಮನೆಯಿಂದ ಆ ಒಗರು ವಾಸನೆ ಬಂದದ್ದೇ ಪೇಪರ್ ಮಡಚಿಟ್ಟೆ.

ಆವರಿಕೆಯನ್ನು ನೀವೂ ನೋಡಿರುತ್ತೀರಿ, ಹೆಸರು ಗೊತ್ತಿರಲಿಕ್ಕಿಲ್ಲ. ಬಾಗಲೂರಿನ ಕಡೆ ನಮ್ಮ ಹೊಲದ ಬದುವಿನ ತುಂಬ ಇದ್ದ, ಸೊಂಟದೆತ್ತರದ ಹಳದಿ ಹೂವಿನ ಗಿಡ. ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದೂ ಇಲ್ಲ. ಮಳೆ ಕೈಕೊಟ್ಟ ವರ್ಷವೂ ಹೂ ಬಿಡುತ್ತಿತ್ತು. ಸಂಕ್ರಾಂತಿಯ ಬೆಳಿಗ್ಗೆ ಅಮ್ಮ ಒಂದು ಹಿಡಿ ಮುರಿದು ತಂದು ಬಾಗಿಲಿಗೆ ಸಿಕ್ಕಿಸಿದ ಮೇಲೆಯೇ ಪೊಂಗಲಿಗೆ ಒಲೆ ಹಚ್ಚುತ್ತಿದ್ದಳು. ನಾನು ಗೊಣಗಿದರೆ, "ಹೂ ಇಕ್ಕಿ ಬತ್ತೀನಿ ಇರು, ಒಟ್ಟೆ ಎಲ್ಲೂ ಓಗಲ್ಲ" ಎನ್ನುವಳು. ನಿಜ, ಹೊಟ್ಟೆ ಎಲ್ಲಿಗೂ ಹೋಗಿಲ್ಲ. ಮುಂದಕ್ಕೆ ಬಂದಿದೆ, ಅಷ್ಟೆ.

ಅಮ್ಮ ಹೋದಾಗ ಅದೇ ಬದುವಿನ ಪಕ್ಕ ಮಣ್ಣು ಮಾಡಿದೆವು. ತಲೆದೆಸೆಗೆ ಒಂದು ಕಲ್ಲು ನಿಲ್ಲಿಸೋಣ ಎಂದೆ. ಚಿಕ್ಕಪ್ಪ ಅಲ್ಲಿದ್ದ ದೊಡ್ಡ ಆವರಿಕೆ ಗಿಡ ತೋರಿಸಿದರು. "ಕಲ್ಲ್ಯಾಕೆ? ಕಲ್ಲಾದ್ರೆ ಯಾರಾದ್ರೂ ಎತ್ಕಂಡೋಗ್ತಾರೆ. ಇದನ್ನ ದನಾನೂ ಮುಟ್ಟಲ್ಲ, ಕಡಿದ್ರೂ ಚಿಗುರ್ತೈತೆ." ಎಲ್ಲರಿಗೂ ಸರಿಯೆನಿಸಿತು. ಅಲ್ಲಿಂದಾಚೆಗೆ ಪ್ರತಿ ಸಂಕ್ರಾಂತಿಗೆ ಬಾಗಿಲಿಗೊಂದು ಟೊಂಗೆ, ಅಮ್ಮನಿಗೊಂದು ಟೊಂಗೆ.

ಆಮೇಲೆ ಹೊಲ ಲೇಔಟ್ ಆಯಿತು. ಚಿಕ್ಕಪ್ಪನೇ ಮುಂದೆ ನಿಂತು ಮಾಡಿಸಿದರು. ಆ ಗಿಡವೊಂದನ್ನು ಬಿಡು ಎಂದು ಜೆಸಿಬಿಯವನಿಗೆ ಹೇಳಿಯೂ ಇದ್ದರು. ನಾವು ಹೋಗುವಷ್ಟರಲ್ಲಿ ಬದುವೇ ಇರಲಿಲ್ಲ. "ಎಲ್ಲಾ ಒಂದೇ ತರ ಕಳೆ ಇತ್ತು ಸಾರ್, ಯಾವ್ದು ಅಂತ ಗೊತ್ತಾಗ್ಲಿಲ್ಲ" ಎಂದ ಅವನು. ಚಿಕ್ಕಪ್ಪ ಕೆಂಪು ಮಣ್ಣಿನ ಮೇಲೆ ಓಡಾಡಿದರು. "ಇಲ್ಲೇ ಕಣೋ... ಅಲ್ಲ, ಇನ್ನೊಂಚೂರು ಆಚೆ..." ಎನ್ನುತ್ತ ಅಲ್ಲೇ ಕುಳಿತುಬಿಟ್ಟರು. ಬೈಯೋಣವೆಂದರೆ, ಜಾಗ ನನಗೂ ಗೊತ್ತಾಗಲಿಲ್ಲ.

ಕಳೆದ ಸಂಕ್ರಾಂತಿಗೆ ಎಲ್ಲೂ ಹೂ ಸಿಗದೆ ಬರಿಗೈಯಲ್ಲೇ ಆ ಲೇಔಟಿಗೆ ಹೋಗಿದ್ದೆ. ಸಾಲು ಮನೆಗಳ ನಡುವೆ ಹಿಂದೆ ಮುಂದೆ ನೋಡುತ್ತ ನಿಂತವನನ್ನು ಕಂಡು, ರಂಗೋಲಿ ಹಾಕುತ್ತಿದ್ದ ಹೆಂಗಸೊಬ್ಬರು ಮೆಲ್ಲಗೆ ಕೇಳಿದರು: "ಯಾರ್ ಬೇಕಾಗಿತ್ತು ಸರ್?"

ಅಮ್ಮ ಎನ್ನಲಾಗಲಿಲ್ಲ. "ಅಡ್ರೆಸ್ ತಪ್ಪಾಯ್ತು" ಎಂದು ಬಂದುಬಿಟ್ಟೆ.

"ಕುಡೀರಿ, ಆರ್ಹೋಗುತ್ತೆ" ಎಂದು ಹೆಂಡತಿ ಲೋಟ ಮುಂದಿಟ್ಟಳು. ಯಾರ ಬದುವಿನ ಹೂವೋ, ಯಾರ ತಲೆದೆಸೆಯದೋ. ಪೊಟ್ಟಣದಲ್ಲಿ ಇನ್ನೂ ಒಂದು ಹಿಡಿ ಉಳಿದಿದೆ. ಅಮ್ಮನಿಗೆ ಇಡೋಣವೆಂದರೆ ಎಲ್ಲಿ ಇಡಲಿ? ಲೋಟ ಎತ್ತಿ ಕುಡಿದೆ.