ಬೇಯಿಸದೆ ಆಚೆ ಬಿಡದ ಸಿದ್ದಮ್ಮ

ನಮ್ಮ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡಿದವರು ನಾಲ್ವರಿದ್ದರು, ಮಾಡುತ್ತಿದ್ದವರು ಮೂವರು. ಕೆಲಸ ಬಲ್ಲವರು ಸಿದ್ದಮ್ಮ ಒಬ್ಬರೇ. ವಿನಯಕ್ಕೆ ಹೇಳುತ್ತಿರುವ ಮಾತಲ್ಲ ಇದು. ವಿನಯ ನನಗೆ ಒಗ್ಗುವ ಗುಣವೇ ಅಲ್ಲ.

ಬಸವನಗುಡಿಯ ಹಳೆಯ ಕಾಲೇಜೊಂದರ ಹಿಂಭಾಗದಲ್ಲಿತ್ತು ಆ ಲ್ಯಾಬು. ಸಿದ್ದಮ್ಮ ಓಕಳಿಪುರಂನಿಂದ ಎರಡು ಬಸ್ಸು ಹತ್ತಿ ಎಂಟು ಗಂಟೆಗೆಲ್ಲ ಬಂದು ಗಾಜಿನ ಸಾಮಾನು ತೊಳೆಯುತ್ತಿದ್ದರು. ನಾವು ಬ್ಯಾಕ್ಟೀರಿಯಾ ಬೆಳೆಸಿ ಬಿಟ್ಟ ಪ್ಲೇಟುಗಳನ್ನು ಆಟೋಕ್ಲೇವ್ ಎಂಬ ಸೊಂಟದೆತ್ತರದ ಕುಕ್ಕರಿಗೆ ತುಂಬಿ, ಒಂದು ಜೀವವೂ ಉಳಿಯದಂತೆ ಬೇಯಿಸಿ ಹೊರಗೆ ಕಳಿಸುವುದೂ ಅವರದೇ ಕೆಲಸ. ಹದಿನಾರು ವರ್ಷವಾಗಿದ್ದರೂ ದಿನಗೂಲಿ.

ರೇಷ್ಮೆ ನೂಲಿನ ಅಂಟು ಬಿಡಿಸುವ ಕಿಣ್ವವೊಂದನ್ನು ಮಣ್ಣಿನ ಒಂದು ಬ್ಯಾಕ್ಟೀರಿಯಾ ತಯಾರಿಸುತ್ತದೆ, ಬಲು ನಿಧಾನವಾಗಿ. ಆ ಜೀನನ್ನು ಕತ್ತರಿಸಿ ತೆಗೆದು, ಉಂಗುರದಂಥ ಡಿಎನ್‌ಎಗೆ ಬೆಸೆದು, ಬೇಗ ಬೆಳೆಯುವ ಬೇರೊಂದು ಬ್ಯಾಕ್ಟೀರಿಯಾದೊಳಗೆ ಸೇರಿಸುವುದು ನನ್ನ ಕೆಲಸ. ಮೂರು ವರ್ಷ ಒದ್ದಾಡಿ ೧೯೯೭ರಲ್ಲಿ ಸೇರಿಸಿದೆ. ಸಿದ್ದಮ್ಮನಿಗೆ ಅದನ್ನು ವಿವರಿಸತೊಡಗಿದರೆ ಅರ್ಧಕ್ಕೇ ತಡೆದರು.

"ಹೆಪ್ಪಿಗೆ ಹೊಸ ಕೆಲ್ಸ ಕಲಿಸಿದೀರಿ ಅನ್ನಿ."

ಇದಕ್ಕಿಂತ ಚೆನ್ನಾಗಿ ನನ್ನ ಥೀಸಿಸ್ಸೂ ಹೇಳಿಲ್ಲ.

ಆ ವರ್ಷ ಆಯುಧಪೂಜೆಯ ರಜೆಗೆ ಒಂದು ದಿನ ಮುಂಚೆಯೇ ಲ್ಯಾಬಿನಲ್ಲಿ ಪೂಜೆ ಇಟ್ಟುಕೊಂಡೆವು. ಸಿದ್ದಮ್ಮ ಆಟೋಕ್ಲೇವನ್ನು ತಿಕ್ಕಿ ತೊಳೆದು, ಕುಂಕುಮವಿಟ್ಟು, ಚೆಂಡು ಹೂವಿನ ಹಾರ ಹಾಕಿದ್ದರು. ನನ್ನ ಬ್ಯಾಕ್ಟೀರಿಯಾವನ್ನು ಮೂರು ಟ್ಯೂಬುಗಳಲ್ಲಿ ಫ್ರೀಜರಿಗೆ ಹಾಕಿಯಾಗಿತ್ತು; ಅದು ಬೆಳೆದಿದ್ದ ಪ್ಲೇಟುಗಳು ಇನ್ನು ಬೇಡವೆಂದು ತಂದು ಅವರ ಮುಂದಿಟ್ಟೆ.

"ಕುಂಕುಮ ಇಟ್ಟಾಯ್ತು ಸುಪ್ರಜಮ್ಮ. ಮೆಷಿನ್ನು ಇವತ್ತು ಹಾಕಲ್ಲ."

"ಹಾಗಾದ್ರೆ ಕಸದ ಡಬ್ಬಿಗೆ ಹಾಕ್ಬಿಡಿ. ಅದ್ರಲ್ಲಿ ಅಪಾಯ ಏನಿಲ್ಲ."

"ಬೇಯಿಸ್ದೆ ಆಚೆ ಬಿಡಲ್ಲ. ಆ ಡಬ್ಬಿಗೆ ಬರಿಗೈ ಹಾಕಿ ಕಸ ಆರಿಸೋಳು ನನ್ ತಂಗಿ."

ನನಗೆ ಸಿಟ್ಟು ಬಂತು. ಏನಾದರೂ ಮಾಡಿಕೊಳ್ಳಿ ಎಂದು ಅಲಂಕಾರಕ್ಕೆ ಹೋದೆ. ಸೀರಿಯಲ್ ಸೆಟ್ಟಿಗೆ ಪ್ಲಗ್ ಪಾಯಿಂಟ್ ಖಾಲಿ ಇರಲಿಲ್ಲ. ಅರ್ಧ ಗಂಟೆಯಲ್ಲಿ ಏನಾಗುತ್ತೆ ಅಂತ ಫ್ರೀಜರಿನ ಪ್ಲಗ್ ಕಿತ್ತು ದೀಪದ್ದನ್ನು ಸಿಕ್ಕಿಸಿದೆ. ಮಂಗಳಾರತಿ ಆಯಿತು. ಪುರಿ, ಬಾಳೆಹಣ್ಣು ತಿಂದು ಮನೆಗೆ ಹೋದೆ. ಪ್ಲಗ್ ಮರೆತೇಹೋಯಿತು.

ಮೂರು ದಿನ ರಜ. ಸೋಮವಾರ ಬಂದು ನೋಡಿದರೆ ಸೀರಿಯಲ್ ಸೆಟ್ಟು ಇನ್ನೂ ಮಿಣಮಿಣ ಅನ್ನುತ್ತಿದೆ, ಫ್ರೀಜರಿನ ನೀರು ಬಾಗಿಲವರೆಗೆ ಹರಿದಿದೆ. ಕರಗಿದ ಟ್ಯೂಬುಗಳಿಂದ ತೆಗೆದು ಆಂಟಿಬಯಾಟಿಕ್ ಬೆರೆಸಿದ ಪ್ಲೇಟಿನ ಮೇಲೆ ಹಚ್ಚಿದೆ. ನನ್ನ ಜೀನಿದ್ದ ಉಂಗುರವನ್ನು ಉಳಿಸಿಕೊಂಡ ಬ್ಯಾಕ್ಟೀರಿಯಾ ಮಾತ್ರ ಅದರಲ್ಲಿ ಬೆಳೆಯಬಲ್ಲದು. ಮರುದಿನ ಪ್ಲೇಟು ಬೋಳು. ಬೆಚ್ಚಗಾಗಿ ಬೆಳೆಯುವಾಗ ಅವು ನಾನು ಕೊಟ್ಟದ್ದನ್ನು ಬೇಡದ ಹೊರೆಯೆಂದು ಕಳೆದುಕೊಂಡಿದ್ದವು. ಮೂರು ವರ್ಷದ ದುಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಪ್ಲಗ್ ಕಿತ್ತಿದ್ಯಾರು?" ಲ್ಯಾಬಿನ ಮುಖ್ಯಸ್ಥೆ ಗಿರಿಜಾಂಬಾ ಮೇಡಂ ಕೇಳಿದರು. ಎಲ್ಲರ ಕಣ್ಣೂ ಪೊರಕೆ ಹಿಡಿದಿದ್ದವರ ಕಡೆಗೆ ಹೋಯಿತು. "ಗುಡಿಸೋವಾಗ ಕಿತ್ರಾ ಸಿದ್ದಮ್ಮ? ಹೀಗಾದ್ರೆ ನಾಳೆಯಿಂದ ಬರೋದು ಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ನಾಚಿಕೆಯೂ ನನಗಿರಲಿಲ್ಲ. ನಾನು ಪ್ಲಗ್ ಕೀಳುವುದನ್ನು ಸಿದ್ದಮ್ಮ ಕಣ್ಣಾರೆ ಕಂಡಿದ್ದರು. ಅವರು ನನ್ನ ಹೆಸರೆತ್ತಲಿಲ್ಲ. ಪಕ್ಕದ ಕೋಣೆಗೆ ಹೋಗಿ, ಅಲ್ಲಿನ ಫ್ರಿಜ್ಜಿನಿಂದ ಒಂದು ಬಟ್ಟೆಗಂಟು ತಂದು ನನ್ನ ಮುಂದೆ ಬಿಚ್ಚಿದರು. ಹದಿನಾಲ್ಕು ಪ್ಲೇಟು, ಒಂದೊಂದರಲ್ಲೂ ನನ್ನ ಬ್ಯಾಕ್ಟೀರಿಯಾ ಬಿಳಿ ಚುಕ್ಕಿಗಳಾಗಿ ಜೀವಂತ.

"ಬೇಯಿಸಕ್ಕೆ ಅಂತ ಇಟ್ಟಿದ್ದೆ. ನಿನ್ನೆ ನೀರು ಬಳಿಯೋದೇ ಆಯ್ತು," ಎಂದರು.

"ಪ್ಲಗ್ ಕಿತ್ತವಳು ನಾನು ಮೇಡಂ," ಎಂದೆ. ಅಷ್ಟನ್ನು ಹೇಳಲು ನನಗೆ ಆ ಗಂಟು ಬೇಕಾಯಿತಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಒಂದು ಪ್ಲೇಟು ನಾನು ಇಟ್ಟುಕೊಂಡೆ. ಸಿದ್ದಮ್ಮ ಬಾಡಿದ ಹಾರ ತೆಗೆದು, ಉಳಿದ ಹದಿಮೂರನ್ನೂ ಎಣಿಸಿ ಆಟೋಕ್ಲೇವಿಗೆ ತುಂಬಿದರು. ಅವರ ಕಾಲಿಗೆ ಬೀಳಬೇಕೆನಿಸಿತು. ಬಾಯಿಂದ ಬಂದದ್ದು "ಥ್ಯಾಂಕ್ಸ್ ಸಿದ್ದಮ್ಮ" ಅಷ್ಟೇ.

"ಅದಿರ್ಲಿ," ಎಂದರು, ನನ್ನ ಕೈಯಲ್ಲಿದ್ದ ಪ್ಲೇಟನ್ನೇ ನೋಡುತ್ತ. "ಮುಗಿದ್ಮೇಲೆ ಅದನ್ನೂ ನನ್ ಕೈಗೇ ಕೊಡಿ. ನನ್ ತಂಗಿ ಕೈಗಲ್ಲ."