ಅಣ್ಣನ ಬಂದೂಕಿನ ಚೌಕಶಿ

ಶೈಲಾ, ನಿನ್ನ ಅಪ್ಪನ ಕೈಗೆ ಬಂದೂಕು ಬಂದದ್ದು ನನ್ನಿಂದ. ನಿನ್ನ ತಾಯಿ ಅದನ್ನು ತಡೆದು ನಿಲ್ಲಿಸಿದ್ದರು — ತಿಂಗಳುಗಟ್ಟಲೆ, ಮನೆಯವರ್ಯಾರಿಗೂ ಸುಳಿವು ಕೊಡದೆ. ಅದು ಗೊತ್ತಾದ ಮೇಲೆಯೇ ನಾನು ಠಾಣೆಗೆ ಹೋಗಿ ಸುಳ್ಳು ಹೇಳಿದೆ. ನಿನ್ನ ಅಪ್ಪ, ನನ್ನ ಅಣ್ಣ, ತೀರಿಹೋದ ಮೇಲೆ ಎಲ್ಲರೂ ನಿನ್ನ ತಾಯಿಯ ಕಡೆ ಬೆರಳು ಮಾಡಿದಾಗ ಅಲ್ಲೇ ಕೂತಿದ್ದೆ, ಬಾಯಿ ಬಿಡಲಿಲ್ಲ. ನೀನು ನನ್ನ ಮನೆಯಲ್ಲಿ ಬೆಳೆದದ್ದು, ತಾಯಿಗೆ ದೂರದ ನೆಂಟಳಂತಾದದ್ದು — ಎಲ್ಲದರ ಬುಡದಲ್ಲಿ ಇರುವುದು ಇದೇ.

ಎಲ್ಲಿಂದ ಹೇಳಲಿ... ಕಾಯಿಲೆಯಿಂದಲೇ ಹೇಳಬೇಕು. ನಿನಗೆ ಅದು ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವರು ನಾವು.

ನೀನಿನ್ನೂ ಸಾಲಿಗೆ ಹೋಗುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಅಣ್ಣ ಮಾತು ಬಿಟ್ಟ. ಹಲಸಿ ಊರಿನಾಚೆ ಕಾಡಿನ ಅಂಚಿಗಿರುವ ನಮ್ಮ ಗದ್ದೆಯಲ್ಲಿ ನಿಂತು ಅವನು ಎತ್ತಿಗೆ ಗದರಿದರೆ ಊರಿಗೆ ಕೇಳಬೇಕು, ಅಂಥ ದನಿ. ಆ ಮನುಷ್ಯ ಕೊಟ್ಟಿಗೆಯಲ್ಲಿ ಗೋಡೆಗೆ ಮುಖ ಮಾಡಿಕೊಂಡು ಕೂಡತೊಡಗಿದ. ಊಟ ಬೇಡ, ನಿದ್ದೆಯಿಲ್ಲ, ನಿನ್ನನ್ನು ತೊಡೆಯ ಮೇಲೆ ಕೂರಿಸಿದರೂ ನೋಡುತ್ತಿರಲಿಲ್ಲ. ಒಂದು ದಿನ ವೈನಿ — ನಿನ್ನ ತಾಯಿಯನ್ನು ನಾನು ಕರೆಯುವುದು ಹಾಗೆ — ಅವನನ್ನು ಬಾವಿಯ ಕಟ್ಟೆಯಿಂದ ಕೈಹಿಡಿದು ಎಳೆದುಕೊಂಡು ಬಂದರು. ಬೆಳಗಾವಿಗೆ ಹೇಳಿ ಕಳಿಸಿ ನನ್ನನ್ನು ಕರೆಸಿಕೊಂಡರು. ಧಾರವಾಡಕ್ಕೆ ಕರೆದೊಯ್ದು ಮನೋವೈದ್ಯರಿಗೆ ತೋರಿಸಿದವನು ನಾನೇ. ವೈದ್ಯರು ಗುಳಿಗೆ ಕೊಟ್ಟರು. ಇದು ಮತ್ತೆ ಬರಬಹುದು, ಬಂದಾಗ ಅವರನ್ನು ಒಬ್ಬರೇ ಬಿಡಬೇಡಿ, ಅಪಾಯದ ವಸ್ತು ಹತ್ತಿರ ಇಡಬೇಡಿ ಎಂದರು. ನನ್ನ ಮುಖ ನೋಡಿಯೇ ಹೇಳಿದರು.

ಊರಿಗೆ ಕಾಮಾಲೆ ಎಂದು ಹೇಳಿದೆವು. ದಸರೆಯ ಹೊತ್ತಿಗೆ ಅಣ್ಣ ಮತ್ತೆ ಮೊದಲಿನ ಹಾಗೆ ನಗತೊಡಗಿದ. ಕಾಮಾಲೆ ಕಾಮಾಲೆ ಎಂದು ಹೇಳಿ ಹೇಳಿ ನಾವೇ ಅದನ್ನು ನಂಬಿಬಿಟ್ಟಿದ್ದೆವು. ನಂಬದೆ ಉಳಿದವರು ವೈನಿಯೊಬ್ಬರೇ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಬಂದೂಕಿನ ಮಾತು ಬಂತು. ಎರಡು ಸಾವಿರದ ಇಸವಿಯ ಆಸುಪಾಸು. ಹಂದಿಗಳ ಕಾಟ ಆಗ ವಿಪರೀತ. ತೆನೆ ಹಾಲು ತುಂಬುವ ಹೊತ್ತಿಗೆ ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಕಾಡುಕೋಣಗಳು ಬಂದರಂತೂ ಕಬ್ಬು ನೆಲಕ್ಕೆ ಹಾಸಿದಂತಾಗುತ್ತಿತ್ತು. ಅಣ್ಣ ಅಟ್ಟಣೆ ಕಟ್ಟಿ ಡಬ್ಬಿ ಬಡಿದ, ಪಟಾಕಿ ಸಿಡಿಸಿದ. ಅವು ಪಟಾಕಿಗೂ ರೂಢಿಯಾದವು. ಬೆಳೆ ಕಾಯಲು ಬಂದೂಕಿನ ಪರವಾನಗಿ ಕೊಡುತ್ತಾರೆ ಎಂದು ಯಾರೋ ಹೇಳಿದರು. ಅಣ್ಣ ಬೆಳಗಾವಿಯ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಿದ.

ಅಲ್ಲಿಂದ ಶುರುವಾಯಿತು ಅಲೆದಾಟ. ಪೊಲೀಸರ ಚೌಕಶಿ ಆಗಬೇಕು — ಅರ್ಜಿದಾರ ಎಂಥವನು, ಏನಾದರೂ ಗುನ್ನೆ ಇದೆಯೇ, ಮನೆಯಲ್ಲಿ ಜಗಳವೇ, ತಲೆ ನೆಟ್ಟಗಿದೆಯೇ — ಆ ವರದಿ ಬಂದ ಮೇಲೆಯೇ ಮುಂದಿನ ಮಾತು. ವರದಿ ಬರಲಿಲ್ಲ. ಕಚೇರಿಯಲ್ಲಿ ಕೇಳಿದರೆ ಠಾಣೆಯಿಂದ ಬಂದಿಲ್ಲ. ಠಾಣೆಯಲ್ಲಿ ಕೇಳಿದರೆ ಮುಂದಿನ ವಾರ ಬರ್ರಿ. ಸಾಹೇಬರಿಗೆ ವರ್ಗವಾಯಿತು, ಹೊಸಬರು ಬರಲಿ. ಚುನಾವಣೆ ಮುಗಿಯಲಿ. ಅಣ್ಣ ಖಾನಾಪುರದಿಂದ ಬಸ್ಸು ಹಿಡಿದು ಬಂದು ವರಾಂಡದಲ್ಲಿ ದಿನವಿಡೀ ಕೂತು, ಸಂಜೆ ಶಿವಬಸವ ನಗರದ ನನ್ನ ಬಾಡಿಗೆ ಖೋಲಿಗೆ ಬರುತ್ತಿದ್ದ. ನಾನಾಗ ಹೈಸ್ಕೂಲಿನಲ್ಲಿ ಮಾಸ್ತರ, ಇನ್ನೂ ಮದುವೆಯಾಗಿರಲಿಲ್ಲ.

"ನಾ ಏನ್ ಖೂನಿ ಮಾಡೀನೇನೋ ಈರಣ್ಣ?" ಎನ್ನುತ್ತಿದ್ದ. "ನನ್ನ ಹೊಲಾ ನಾ ಕಾಯಾಕ ಇವರ ಮುಂದ ನಿಂದರಬೇಕು. ಊರಾಗ ಜನಾ ಕೇಳಾಕತ್ತಾರ, ಇವನ ಮ್ಯಾಲ ಏನೋ ಗುನ್ನೆ ಇದ್ದೀತು, ಅದಕ್ಕ ಕೊಡವಲ್ಲರು ಅಂತ."

ಆ ಮಾತು ನನಗೂ ಚುಚ್ಚಿತು. ಪೇಟೆಯ ಒಂದು ಅಂಗಡಿಯಲ್ಲಿ ಅವನೊಂದು ಒಂಟಿ ನಳಿಕೆಯ ಬಂದೂಕನ್ನು ನೋಡಿಟ್ಟಿದ್ದ. ಬಂದಾಗಲೆಲ್ಲ ಹೋಗಿ ನೋಡಿ ಬರುತ್ತಿದ್ದ. ಪರವಾನಗಿ ಇಲ್ಲದೆ ಮುಟ್ಟಲೂ ಕೊಡುವುದಿಲ್ಲ ಎಂದು ಅಂಗಡಿಯವರು ಹೇಳಿದ್ದನ್ನು ನಕ್ಕು ಹೇಳಿದ — ಆದರೆ ನಗು ಪೂರ್ತಿಯಾಗಿರಲಿಲ್ಲ. ಆ ವರ್ಷವೂ ಹಂದಿಗಳು ಅರ್ಧ ಗದ್ದೆ ತಿಂದವು.

ನಾನು ಸಿಟ್ಟಿನಿಂದಲೇ ಠಾಣೆಗೆ ಹೋದೆ. ರಜೆ ಹಾಕಿ ಹೋದೆ. ಚೌಕಶಿ ಒಬ್ಬ ಹವಾಲ್ದಾರರ ಕೈಯಲ್ಲಿತ್ತು. ಮಾತೃಭಾಷೆ ಮರಾಠಿ, ಕನ್ನಡ ನಮ್ಮಷ್ಟೇ ಸಲೀಸು. "ಯಾ ಮಾಸ್ತರ, ಬಸಾ," ಎಂದು ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಒಬ್ಬ ಮರ್ಯಾದಸ್ಥ ರೈತನನ್ನು ಹೀಗೆ ಅಲೆಸುವುದು ಸರಿಯೇ ಎಂದು ಜೋರು ಮಾಡಿದೆ. ಅವರು ಮುಗಿಯುವ ತನಕ ಕೇಳಿದರು. ಆಮೇಲೆ ಎದ್ದು ನನ್ನನ್ನು ಹೊರಗೆ ಬೇವಿನ ಗಿಡದ ಕೆಳಗೆ ಕರೆದೊಯ್ದರು.

"ನಾ ಹಳ್ಳಿಗೆ ಹೋಗಿ ಬಂದು ಭಾಳ ದಿನಾ ಆತ್ರಿ ಸರ್. ನಿಮ್ಮ ಅಣ್ಣಾರು ಹೊಲದಾಗಿದ್ರು. ಮನ್ಯಾಗ ನಿಮ್ಮ ವೈನ್ಯಾರು ಇದ್ರು. ನೀರು ಕೊಟ್ಟು ಹೇಳಿದ್ರು — ಅವರಿಗೆ ಮನಸಿನ ಬ್ಯಾನಿ ಆಗಿತ್ತು, ಬಂದೂಕು ಕೊಡಬ್ಯಾಡ್ರಿ, ನಾ ಹೇಳೇನಿ ಅಂತ ಯಾರಿಗೂ ಹೇಳಬ್ಯಾಡ್ರಿ ಅಂತ." ಟೊಪ್ಪಿಗೆ ತೆಗೆದು ಹಣೆ ಒರೆಸಿಕೊಂಡರು. "ವರದಿಯಾಗ ಬರದ್ರ ಅವರ ಹೆಸರು ಕೆಡತೈತಿ. ಬರೀದ ಕಳಿಸಿದ್ರ ನನಗ ನಿದ್ದಿ ಬರೂದಿಲ್ಲ. ಅದಕ್ಕ ಹಂಗ ಇಟಗೊಂಡು ಕುಂತೇನಿ."

ಶೈಲಾ, ಆ ಕ್ಷಣ ನನಗೆ ಎಲ್ಲ ತಿಳಿಯಿತು. ನಾವು ಶಪಿಸುತ್ತಿದ್ದ ವಿಳಂಬ, ಅಣ್ಣನಿಗೆ ಅವಮಾನ ಎನಿಸಿದ ವಿಳಂಬ — ಅದು ನಿನ್ನ ತಾಯಿ ಅವನ ಸುತ್ತ ಹಾಕಿದ ಬೇಲಿ. ಅದನ್ನು ಕಾಯಲು ಒಬ್ಬ ಅಪರಿಚಿತ ಬೈಗುಳ ತಿನ್ನುತ್ತಿದ್ದ. ನಾನು ಕೈಮುಗಿದು ಹಿಂದಿರುಗಬೇಕಿತ್ತು.

ಹಿಂದಿರುಗಲಿಲ್ಲ. ಆಗ ನನ್ನ ಮದುವೆಯ ಮಾತುಕತೆ ನಡೆದಿತ್ತು. ಇದೇ ಬೆಳಗಾವಿಯ ದೊಡ್ಡ ಮನೆತನ. ನಿನ್ನ ಕಾಕುವಿನ ತವರು. ಮನೆಯಲ್ಲಿ ಹುಚ್ಚಿನ ಎಳೆ ಇದೆ ಎಂಬ ಮಾತು ಠಾಣೆಯಿಂದ ಹೊರಬಿದ್ದು ಅವರ ಕಿವಿಗೆ ಬಿದ್ದರೆ — ನನ್ನ ತಲೆಯಲ್ಲಿ ಮೊದಲು ಬಂದದ್ದು ಅದು. ಅಣ್ಣನ ಗದ್ದೆಯಲ್ಲ, ಅಣ್ಣನ ಜೀವವಂತೂ ಅಲ್ಲ.

"ಅದೆಲ್ಲ ಸುಳ್ಳರಿ," ಎಂದೆ. "ಅಣ್ಣಗ ಕಾಮಾಲಿ ಆಗಿತ್ತು. ದವಾಖಾನಿಗೆ ಕರಕೊಂಡು ಹೋದಾಂವ ನಾನ. ವೈನಿ ಸಾಲಿ ಕಲತಿಲ್ಲ, ಬಂದೂಕು ಅಂದ್ರ ಅಂಜತಾರ. ನೀವು ಬರಕೋರ್ರಿ, ನಾ ಸಹಿ ಮಾಡತೇನಿ."

ಅವರು ನನ್ನನ್ನು ನೋಡುತ್ತ ನಿಂತರು. "ನೀವು ಮಕ್ಕಳಿಗೆ ಕಲಸಾವರು. ನಿಮ್ಮ ಮಾತು ನಂಬತೇನಿ, ಖರೇ ಏನ್ರಿ?"

"ಖರೇ," ಎಂದೆ.

ಪರವಾನಗಿ ಬಂತು. ಬಂದೂಕನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಅಣ್ಣನ ಜೊತೆ ಬಸ್ಸಿನಲ್ಲಿ ಹೋದವನು ನಾನು. ಅವನು ಹುಡುಗನಂತೆ ಖುಷಿಯಾಗಿದ್ದ. ಊರು ಮುಟ್ಟಿದಾಗ ವೈನಿ ಬಾಗಿಲಲ್ಲಿದ್ದರು. ಗೋಣಿತಟ್ಟನ್ನು ನೋಡಿದರು, ಒಳಗೆ ಹೋದರು. ಅವತ್ತು ಹೋಳಿಗೆ ಮಾಡಿದ್ದರು, ಬಡಿಸಿದರು. ನನ್ನ ಕಣ್ಣನ್ನು ಅವರು ನೋಡಲಿಲ್ಲವೋ, ನಾನೇ ತಪ್ಪಿಸಿದೆನೋ.

ಆ ಸುಗ್ಗಿಯಲ್ಲಿ ಭತ್ತ ಉಳಿಯಿತು. ಎಷ್ಟೋ ವರ್ಷದ ಮೇಲೆ ಕಣ ತುಂಬಿತು. ನೋಡು, ನಾನು ಮಾಡಿದ್ದು ಸರಿ ಎಂದುಕೊಂಡೆ. ನನ್ನ ಮದುವೆಯೂ ಆಯಿತು.

ಮುಂದಿನ ವರ್ಷ ಬೇಸಿಗೆಯ ಮೊದಲಿಗೆ ಅಣ್ಣ ಮತ್ತೆ ಮೌನವಾಗತೊಡಗಿದ್ದನಂತೆ. ವೈನಿಗೆ ತಿಳಿಯಿತು. ಬಂದೂಕನ್ನು ಠಾಣೆಗೆ ಒಪ್ಪಿಸಿ ಬಾ ಎಂದು ಹಟ ಹಿಡಿದರು. ಅವನು ಸಿಟ್ಟಾದ. ನೀನು ನೋಡಿದ ಜಗಳ ಅದು, ನಿನಗೆ ನೆನಪಿರುವ ಜಗಳ. ಅದನ್ನು ಮನೆಯಿಂದ ಹೊರಗೆ ಹಾಕುವ ತನಕ ನಾ ಬರೂದಿಲ್ಲ ಎಂದು ನಿನ್ನ ಕೈ ಹಿಡಿದುಕೊಂಡು ತವರಿಗೆ ನಡೆದರು. ಹಾಗಾದರೂ ಅವನು ಬಗ್ಗುತ್ತಾನೆ ಎಂಬ ಆಸೆಯಿಂದ. ನಿನ್ನ ಆಯಿಗೆ, ನನ್ನವ್ವನಿಗೆ, ಅವನನ್ನು ನೋಡಿಕೊಳ್ಳಿ ಎಂದು ಹೇಳಿಯೇ ಹೋಗಿದ್ದರು. ಅವ್ವ ಹಿರಿಯ ಮಗನ ಮೌನವನ್ನು ಹೆಂಡತಿಯ ಮೇಲಿನ ಸಿಟ್ಟು ಎಂದುಕೊಂಡಳು. ಅವ್ವ ಗುಡಿಗೆ ಹೋಗಿದ್ದ ಹೊತ್ತಿನಲ್ಲಿ, ಕೊಟ್ಟಿಗೆಯಲ್ಲಿ... ಉಳಿದದ್ದನ್ನು ನಾನು ಹೇಳಲಾರೆ. ನಿನಗೆ ಗೊತ್ತಿರುವಷ್ಟೇ ಸಾಕು.

ಮಣ್ಣು ಕೊಟ್ಟು ಬಂದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದೆವು. ವೈನಿ ಕಂಬಕ್ಕೆ ಒರಗಿದ್ದರು, ನೀನು ಅವರ ಸೆರಗಿನಲ್ಲಿದ್ದೆ. ಅವ್ವ ಎದೆ ಬಡಿದುಕೊಂಡು ಹೇಳಿದಳು, "ಗಂಡನ್ನ ಬಿಟ್ಟು ಹೋದಿ. ನೀ ಇದ್ದಿದ್ರ ನನ್ನ ಮಗಾ ಇರತಿದ್ದ."

"ಬಂದೂಕು ಬ್ಯಾಡ ಅಂದಿದ್ನಿರಿ ಅತ್ತಿ," ಎಂದರು ವೈನಿ.

"ಈಗ ಹೇಳತಿ. ಅದು ಮನಿಗೆ ಬರೂ ಮೊದಲ ಯಾಕ ಬಾಯಿ ಮುಚಗೊಂಡಿದ್ದಿ?"

"ಹೇಳಿದ್ದೆ..." ಎಂದು ವೈನಿ ಶುರುಮಾಡಿದರು. ಯಾರಿಗೆ, ಏನು — ಮುಂದೆ ಹೇಳಲಿಲ್ಲ. ಹೇಳಿದ್ದರೆ ಸತ್ತ ಗಂಡನ ಕಾಯಿಲೆ ಪಡಸಾಲೆಯ ಪಾಲಾಗುತ್ತಿತ್ತು. ಅವರು ತುಟಿ ಕಚ್ಚಿ ಕೂತರು. ಅಲ್ಲಿದ್ದವರಲ್ಲಿ ಆ ವಾಕ್ಯವನ್ನು ಪೂರ್ತಿ ಮಾಡಬಲ್ಲವನು ನಾನೊಬ್ಬ. ನನ್ನ ಪಕ್ಕದಲ್ಲಿ ನನ್ನ ಹೊಸ ಮಾವ ಕೂತಿದ್ದರು. ನಾನು ನೆಲ ನೋಡುತ್ತ ಕೂತೆ.

ಕೆಲವು ದಿನಗಳಲ್ಲೇ ಅವ್ವ ನಿನ್ನನ್ನು ಬೆಳಗಾವಿಗೆ ಕರೆತಂದಳು. ಇಲ್ಲಿ ಸಾಲಿ ಚೊಲೋ ಐತಿ ಎಂದಳು. ವೈನಿ ಬೇಡ ಎನ್ನಲಿಲ್ಲ. ಬೇಡ ಎನ್ನುವ ಹಕ್ಕು ತನಗಿಲ್ಲ ಎಂದು ಅವರಿಗೂ ಅನಿಸಿಬಿಟ್ಟಿತ್ತು. ಹಬ್ಬಕ್ಕೆ ಉಂಡಿ ಕಟ್ಟಿಕೊಂಡು ಬಂದಾಗ ನೀನು ಆಯಿಯ ಬೆನ್ನ ಹಿಂದೆ ನಿಲ್ಲುತ್ತಿದ್ದೆ. ಅವರು ಬೇಗ ಬಸ್ಸು ಹಿಡಿದು ಹೋಗಿಬಿಡುತ್ತಿದ್ದರು. ನಿನ್ನ ಮದುವೆಯಲ್ಲಿ ಧಾರೆಗೆ ಕೂತವರು ನಾನು, ನಿನ್ನ ಕಾಕು. ವೈನಿ ಅಡುಗೆಯವರ ಸಾಲಿನಲ್ಲಿ ತಟ್ಟೆ ತೊಳೆಯುತ್ತಿದ್ದರು — ನಾನು ನೋಡಿದೆ, ಕರೆಯಲಿಲ್ಲ. ನೀನು ನನ್ನನ್ನು ಕಾಕಾ, ನೀವ ನನ್ನ ತಂದಿ ಎಂದು ಅಪ್ಪಿಕೊಂಡು ಅತ್ತೆ. ಆ ಅಪ್ಪುಗೆಯನ್ನು ಹೇಗೆ ತಾಳಿದೆನೋ.

ಹೋದ ತಿಂಗಳು ನಿನ್ನ ಕೂಸನ್ನು ತೊಟ್ಟಿಲಿಗೆ ಹಾಕುವ ಮಾತು ಬಂದಾಗ ನೀನು ಹೇಳಿದೆ: "ಅವ್ವಗ ಹೇಳೂದು ಬ್ಯಾಡ ಕಾಕಾ. ಅಕಿ ಮಾರಿ ನೋಡಿದ್ರ ನನಗ ಅಪ್ಪ ಆ ದಿನಾ ಮನ್ಯಾಗ ಒಬ್ಬನ ಇದ್ದದ್ದು ನೆನಪಾಕ್ಕೈತಿ." ನಾನು ಎದ್ದು ಹೋದೆ. ಎರಡನೆಯ ದಿನ ಊರಿಗೆ ಹೋದೆ.

ವೈನಿ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. "ಕುಂದರ್ ಬಾ ಈರಣ್ಣ, ಚಹಾ ಮಾಡತೇನಿ," ಎಂದರು. ಬೇಡ ಎಂದು ಅವರ ಮುಂದೆ ನೆಲಕ್ಕೇ ಕೂತೆ. ಬೇವಿನ ಗಿಡದ ಕೆಳಗೆ ಆಡಿದ ಮಾತೆಲ್ಲ ಹೇಳಿದೆ, ನನ್ನ ಮದುವೆಯ ಭಯವನ್ನೂ ಬಿಡದೆ.

ಅವರ ಕೈಯಲ್ಲಿ ಮೊರ ನಿಂತಿತು. ಕೇಳಿದರು, "ಹವಾಲ್ದಾರಗ ನನ್ನ ಮಾತು ತಿಳಿದಿತ್ತೇನು?"

"ತಿಳಿದಿತ್ತರಿ ವೈನಿ. ಅದಕ್ಕ ಅವರು ಅಷ್ಟು ದಿನಾ ತಡದಿದ್ರು."

"ನಾ ಬಾಗಲ ಮರಿಗೆ ನಿಂತು ಸಣ್ಣ ದನೀಲೆ ಹೇಳಿದ್ದೆ," ಎಂದರು. "ಅಂವಗ ಕೇಳಸಲಿಲ್ಲ ಅನಕೊಂಡಿದ್ದೆ. ಹೊರಗ ಬಂದು ಗಟ್ಟಿ ಹೇಳಬೇಕಿತ್ತು, ಕಾಲರ ಹಿಡೀಬೇಕಿತ್ತು... ಇಷ್ಟು ವರ್ಷ ದಿನಾ ಅದನ್ನ ಅನಕೊಂಡ ಮಲಗೇನಿ."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಅವರು ಮೊರ ಕೆಳಗಿಟ್ಟು ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು — ಅಣ್ಣ ಸತ್ತ ದಿನವೂ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಕಾಲಿಗೆ ಕೈ ಚಾಚಿದಾಗ ಕಾಲು ಹಿಂದಕ್ಕೆ ಎಳೆದುಕೊಂಡರು.

"ನನಗ ಹೇಳಿದ್ದು ಸಾಕು," ಎಂದರು ಕೊನೆಗೆ. "ಶೈಲಾಗ ಹೇಳು. ನಾ ಹೇಳಿದ್ರ ನಂಬೂದಿಲ್ಲ. ನೀನ ಹೇಳು." ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಬಸ್ಸಿನ ಹೊತ್ತಿನ ತನಕ ಅಂಗಳದಲ್ಲೇ ಕೂತಿದ್ದೆ. ಬಾಗಿಲು ತೆರೆಯಲಿಲ್ಲ.

ಅದಕ್ಕೆ ಹೇಳುತ್ತಿದ್ದೇನೆ, ಶೈಲಾ. ನಿನ್ನ ಕಾಕುವಿಗೆ ನಿನ್ನೆ ಹೇಳಿದೆ; ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನನ್ನವ್ವ ಈಗ ಇಲ್ಲ. ಇದನ್ನು ತಿಳಿಯದೆಯೇ ಹೋದಳು, ಸೊಸೆಯನ್ನು ಕೊನೆತನಕ ದೂರುತ್ತಲೇ ಹೋದಳು. ಅದನ್ನು ಸರಿಪಡಿಸುವುದು ನನ್ನಿಂದ ಇನ್ನು ಆಗದು. ನೀನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಇನ್ನು ಮೇಲೆ ಕಾಕಾ ಎನ್ನುವುದು ಬೇಡ ಅನಿಸಿದರೆ ಅನ್ನಬೇಡ. ತೊಟ್ಟಿಲ ದಿನ ನಾನು ಬರುವುದಿಲ್ಲ. ಊರಿನವರೂ ಬೀಗರೂ ಸೇರುವ ಮುಂದಿನ ಕಾರ್ಯದಲ್ಲಿ, ಅಂದು ನೆಲ ನೋಡುತ್ತ ಕೂತಿದ್ದ ಆ ಪಡಸಾಲೆಯಲ್ಲೇ ನಿಂತು, ಇದನ್ನು ಎಲ್ಲರ ಮುಂದೆ ಹೇಳುತ್ತೇನೆ.

ನಿನ್ನ ತಾಯಿ ನಿನ್ನ ಅಪ್ಪನನ್ನು ಬಿಟ್ಟು ಹೋಗಿರಲಿಲ್ಲ. ಕೂಸನ್ನು ಎತ್ತಿಕೊಂಡು ಹೋಗು. ಅವರ ಮಡಿಲಿಗೆ ಹಾಕು.