ಒಣ ಅಂಗೈ

ಕಲಘಟಗಿಯ ಮಿಸ್ತ್ರಿ ಕಾಕಾ ಸೋರುವ ಗಾಡಿ ರಿಪೇರಿ ಮಾಡಿದರೆ, ಟಾಪಿನ ಮೇಲೆ ಎರಡು ಬಕೆಟ್ ನೀರು ಸುರುವಿ ನೋಡದೆ ಕೀಲಿ ಕೊಡುತ್ತಿರಲಿಲ್ಲ. “ಮನಷ್ಯಾ ಮರೀತಾನ್ರಿ, ನೀರು ಮರಿಯಂಗಿಲ್ಲ” ಎನ್ನುವುದು ಅವರ ಮಾತು.

ಹುಣಸೆ ಟೊಂಗೆ ಬಡಿದು ನನ್ನ ಕಾರಿನ ಟಾಪಿನ ಮೇಲಿನ ಆಂಟೆನಾ ಮುರಿದಿತ್ತು. ಅದರ ಬುಡದಿಂದ ನೀರಿಳಿದು ಹಿಂದೆ ಕೂತ ಅವ್ವನ ತಲೆ ತೊಯ್ಯುತ್ತಿತ್ತು. ಕಾಕಾ ಹಳೆಯ ಅಂಟನ್ನೆಲ್ಲ ಕೆರೆದು ತೆಗೆದು, ಹೊಸ ಆಂಟೆನಾ ಕೂರಿಸಿ, ನೀರು ಇಳಿಯದಂತೆ ಸುತ್ತ ಸೀಲೆಂಟ್ ಹಚ್ಚಿದರು.

“ನಾಳೀತನಕ ಒಣಗ್ಲಿರಿ. ಆಮ್ಯಾಲೆ ನೀರು ಹಾಕಿ ನೋಡೂಣು.”

ಅವ್ವನನ್ನು ಧಾರವಾಡದ ದವಾಖಾನೆಗೆ ಕರೆದೊಯ್ಯುವ ಅವಸರ ನನಗೆ. ಅವರ ಮಾತು ಕೇಳದೆ ಕೀಲಿ ಇಸಿದುಕೊಂಡು ಬಂದೆ.

ನಾಲ್ಕನೇ ದಿನ ನಮ್ಮ ದುಮ್ಮವಾಡದಲ್ಲಿ ಜೋರು ಮಳೆ. ಬಾಗಿಲು ಬಡಿದ ಸಪ್ಪಳವಾಯಿತು. ನೋಡಿದರೆ ಕಾಕಾ, ಬೈಕಿನ ಮೇಲೆ ಬಂದು ಪೂರಾ ತೊಯ್ದು ನಿಂತಿದ್ದರು.

“ಒಂದು ಒಣಾ ಅರಬಿ ಕೊಡ್ರಿ.”

ತಲೆ ಒರೆಸಿಕೊಳ್ಳಲೆಂದು ಟಾವೆಲ್ ಕೊಟ್ಟೆ. ಅವರು ಬಲ ಅಂಗೈಯನ್ನಷ್ಟೇ ಒರೆಸಿಕೊಂಡು, ಅಂಗಳದ ಕಾರಿನೊಳಗೆ ಕೈ ಚಾಚಿ, ಅವ್ವ ಕೂರುವ ಜಾಗದ ನೆತ್ತಿಗೆ, ಟಾಪಿನ ಒಳಬದಿಯ ಬಟ್ಟೆಗೆ ಒತ್ತಿ ಹಿಡಿದರು. ಆಮೇಲೆ ಅಂಗೈ ನೋಡಿಕೊಂಡರು.

“ಒಣಾ ಐತ್ರಿ. ಇನ್ನ ಅವ್ವಾರ್ನ ಹಿಂದ ಕುಂದರಸ್ರಿ,” ಎಂದು ನಕ್ಕರು. ಅವರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.